ನಿನಗ ರಜಾ ಎಷ್ಟು?

ಕಳೆದ ತಿಂಗಳು ನಮ್ಮ ಬೆಳಗಾವಿಯ ಉದ್ಯಮಬಾಗದ ಒಂದು ಫ್ಯಾಕ್ಟರಿಯಿಂದ ಫೋನ್ ಬಂತು. ಡ್ರಾಯಿಂಗ್ ಮಾಡೋಕೆ ಒಬ್ಬರು ಬೇಕಂತೆ. ಕೈಗೆ 32,000, ಪಿಎಫ್ ಬೇರೆ. "ವಿಚಾರ ಮಾಡಿ ಹೇಳ್ರಿ, ಆದ್ರ ಭಾಳ ದಿವಸ ತಗೋಬ್ಯಾಡ್ರಿ" ಅಂದರು ಮಾಲೀಕರು.

ನಾನು ಅನಗೋಳದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಕ್ಯಾಡ್ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ಯಂತ್ರಭಾಗಗಳ ಡ್ರಾಯಿಂಗ್, ಮಾಡುವವನು. ಸವೆದ ಪಂಪಿನ ಕವರ್, ಸೀಳಿದ ಗೇರ್ ಕೇಸಿಂಗ್, ಇಂಥವನ್ನೆಲ್ಲ ಹಳೆ ಪೇಪರಿನಲ್ಲಿ ಸುತ್ತಿ ತಂದಿಡುತ್ತಾರೆ. ಗ್ರೀಸ್ ಒರೆಸಿ, ವರ್ನಿಯರ್ ಹಿಡಿದು ಅಳೆದು, ಎರಕ ಹೊಯ್ಯುವ ಫೌಂಡ್ರಿಗೆ ಕೊಡುವಂಥ ಡ್ರಾಯಿಂಗ್ ಮಾಡಿಕೊಡುತ್ತೇನೆ. ಅವ್ವನಿಗೆ ಮಾತ್ರ ಆ ಪೇಪರಿನ ಜಿಡ್ಡು ನೆಲಕ್ಕೆ ಹತ್ತುತ್ತದೆ ಅನ್ನೋದೇ ಚಿಂತೆ.

ಮೊದಲು ನೌಕರಿಯಲ್ಲೇ ಇದ್ದೆ. 2017ರ ಡಿಸೆಂಬರಿನಲ್ಲಿ ಸೇರಿ, 2022ರ ಮಾರ್ಚಿನಲ್ಲಿ ಬಿಟ್ಟೆ. ನಾಲ್ಕು ವರ್ಷ ಮೂರು ತಿಂಗಳು. ಐದು ವರ್ಷ ತುಂಬಿದ್ದರೆ ಗ್ರಾಚ್ಯುಟಿ ಸಿಗುತ್ತಿತ್ತು ಅಂತ ಬಿಟ್ಟ ಮೇಲೆ ಗೊತ್ತಾಯಿತು. ವರ್ಷಕ್ಕೆ 15 ದಿನದ ಸಂಬಳ, ತಿಂಗಳಿಗೆ 26 ದಿನದ ಲೆಕ್ಕ. ನನ್ನ ಬೇಸಿಕ್ 14,000 ಇತ್ತು. ಇನ್ನು ಒಂಬತ್ತು ತಿಂಗಳು ಹಲ್ಲು ಕಚ್ಚಿ ಕೂತಿದ್ದರೆ ಸುಮಾರು 40 ಸಾವಿರ ಬರುತ್ತಿತ್ತು. ಆ ಲೆಕ್ಕ ಹಾಕಿದ ಚೀಟಿ ಇನ್ನೂ ಡ್ರಾಯರಿನಲ್ಲಿದೆ. ಯಾಕೆ ಇಟ್ಟಿದ್ದೇನೋ!

ಈಗ ಹೋದ ವರ್ಷದ ಸರಾಸರಿ ತೆಗೆದರೆ ತಿಂಗಳಿಗೆ 41,000. ಕೇಳೋಕೆ ಚಲೋ. ಆದರೆ ಸರಾಸರಿಯಲ್ಲಿ ಯಾರೂ ಅಕ್ಕಿ ತರೋದಿಲ್ಲ. ಒಂದು ತಿಂಗಳು 78,000 ಬಂದಿತ್ತು, ಇನ್ನೊಂದು ತಿಂಗಳು 6,500. ಕೆಲಸ ಇರಲಿಲ್ಲ ಅಂತಲ್ಲ, ಮಾಡಿದ ಕೆಲಸದ ದುಡ್ಡು ಬರಲಿಲ್ಲ. ಸಣ್ಣ ಉದ್ದಿಮೆಗಳಿಗೆ ಸರಕಾರ ಮಾಡುವ ಉದ್ಯಮ್ ನೋಂದಣಿ ಮಾಡಿಸಿದ್ದೇನೆ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನಮ್ಮಂಥವರಿಗೆ ಹೆಚ್ಚೆಂದರೆ 45 ದಿನದೊಳಗೆ ದುಡ್ಡು ಕೊಡಬೇಕು, ತಡವಾದರೆ ಬಡ್ಡಿ. ಅದನ್ನು ಹಿಡಿದುಕೊಂಡು ಯಾರ ಬಾಗಿಲಿಗೆ ಹೋಗಲಿ? ಚಹಾ ಅಂಗಡಿಯಲ್ಲಿ ದಿನಾ ಎದುರಾಗುವವರೇ ಎಲ್ಲ. "ಈ ವಾರ ಹಾಕ್ತೀನ್ರೀ" ಅಂತಾರೆ, ಚಹಾದ ದುಡ್ಡನ್ನೂ ಅವರೇ ಕೊಡ್ತಾರೆ. ಅಲ್ಲಿಗೆ ನನ್ನ ಬಾಯಿ ಬಂದ್.

ಜಾಸ್ತಿ ನೋವಾಗಿದ್ದು ದುಡ್ಡು ತಡವಾಗಿದ್ದಕ್ಕಲ್ಲ. ಒಂದು ಗೇರ್ ಕೇಸಿಂಗ್‌ಗೆ. ಕರಗಿಸಿ ಹೊಯ್ದ ಬೀಡು (ಎರಕದ ಕಬ್ಬಿಣ) ಆರುವಾಗ ಕುಗ್ಗುತ್ತದೆ, 100 ಮಿಮೀಗೆ ಸುಮಾರು 1 ಮಿಮೀ. ಅದಕ್ಕೆ ಪ್ಯಾಟರ್ನನ್ನು, ಅಂದರೆ ಅಚ್ಚು ತೆಗೆಯೋಕೆ ಬಳಸುವ ಮರದ ಮಾದರಿಯನ್ನು, ಅಷ್ಟು ದೊಡ್ಡದಾಗಿಯೇ ಮಾಡಬೇಕು. ನಾನು ಆ ಕುಗ್ಗುವಿಕೆಯನ್ನು ಡ್ರಾಯಿಂಗಿನಲ್ಲೇ ಸೇರಿಸಿದ್ದೆ. ಸೇರಿಸಿದ್ದೇನೆ ಅಂತ ಬರೆದಿರಲಿಲ್ಲ. ಪ್ಯಾಟರ್ನ್ ಮಾಡುವ ಮಾಮಾ ತಮ್ಮ ರೂಢಿಯಂತೆ ಕುಗ್ಗುವ ಲೆಕ್ಕ ಸೇರಿಸಿ ಗೆರೆ ಹಾಕಿದ ಅವರ ಸ್ಕೇಲಿನಿಂದ ಅಳೆದು ಮಾಡಿದರು. ಎರಡು ಸಲ ಸೇರಿತು. ಎರಡು ಬೋರುಗಳ (ತೂತುಗಳ) ನಡುವೆ 400 ಮಿಮೀ ಬರಬೇಕಾಗಿದ್ದು 404 ಬಂತು. ಬೋರ್ ಹೊಡೆಯೋಕೆ ಹೋದರೆ ಒಂದು ಬದಿಗೆ ಲೋಹವೇ ಸಾಲಲಿಲ್ಲ. ಮಾಮಾ ಬೈಯಲಿಲ್ಲ. ಕೆಂಪು ಬಣ್ಣ ಬಳಿದ ಆ ಮರದ ಪ್ಯಾಟರ್ನನ್ನು ತಿರುಗಿಸಿ ತಿರುಗಿಸಿ ನೋಡಿ, ಗೋಡೆಗೆ ಆನಿಸಿಟ್ಟರು. ಬೈದಿದ್ದರೇ ಚಲೋ ಇತ್ತು.

ನೌಕರಿಯಲ್ಲಿದ್ದಾಗ ಇದಾಗಿದ್ದರೆ ಮ್ಯಾನೇಜರಿನ ಬೈಗುಳ ತಿಂದು, ಮಧ್ಯಾಹ್ನ ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದೆ. ಈ ಸಲ ಹೊಸ ಪ್ಯಾಟರ್ನಿಗೆ 11,000 ನನ್ನ ಜೇಬಿನಿಂದಲೇ ಹೋಯಿತು. ಸಂಬಳ ಅಂದರೆ ಕೆಲಸಕ್ಕೆ ಕೊಡುವ ದುಡ್ಡು ಅಂತ ತಿಳಿದಿದ್ದೆ. ನಮ್ಮ ತಪ್ಪಿನ ಭಾರ ಬೇರೆಯವರು ಹೊರೋದೂ ಅದರಲ್ಲಿ ಸೇರಿದೆ ಅಂತ ಆವತ್ತು ಗೊತ್ತಾಯಿತು.

ಹಾಗಾದರೆ ಹೋಗಿಬಿಡಬೇಕಿತ್ತು, ಅಲ್ವಾ? ಅದೂ ಆಗಲಿಲ್ಲ. ಬೆಳಗ್ಗೆ ಎಂಟೂವರೆಗೆ ಪಂಚಿಂಗ್, ಒಂದೇ ನಮೂನೆ ಬ್ರಾಕೆಟ್ಟಿಗೆ ವರ್ಷಗಟ್ಟಲೆ ರಿವಿಷನ್ ನಂಬರ್ ಬದಲಿಸೋದು ನೆನಪಾದರೆ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಗುತ್ತದೆ. ಇಲ್ಲಿ ಸೋಮವಾರ ಕಬ್ಬಿನ ಗಾಣದ ರೋಲರ್ ಬಂದರೆ ಗುರುವಾರ ಹಿಟ್ಟಿನ ಗಿರಣಿಯ ಭಾಗ ಬರುತ್ತದೆ. ಕೈಗೆ ಗ್ರೀಸ್ ಹತ್ತುತ್ತದೆ, ತಲೆಗೆ ಜಂಗು ಹತ್ತುವುದಿಲ್ಲ.

ಅಪ್ಪ ಸಾರಿಗೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಹೋಗು ಅಂತಲೂ ಹೇಳಲಿಲ್ಲ, ಬ್ಯಾಡ ಅಂತಲೂ ಹೇಳಲಿಲ್ಲ. ಜೀವಮಾನವೆಲ್ಲ ರಜೆ ಲೆಕ್ಕ ಹಾಕಿದ ಮನುಷ್ಯ. "ಈಗ ನಿನಗ ರಜಾ ಎಷ್ಟು?" ಅಂತ ಕೇಳಿದರು. ಹೋದ ವರ್ಷ ಡೆಂಗ್ಯೂ ಬಂದು ಹನ್ನೆರಡು ದಿನ ಮಲಗಿದ್ದೆ. ಆ ಹನ್ನೆರಡು ದಿನಕ್ಕೆ ನಯಾಪೈಸೆ ಹುಟ್ಟಿರಲಿಲ್ಲ. ಉತ್ತರ ಕೊಡದೆ ಸುಮ್ನೆ ಮೊಬೈಲ್ ನೋಡುತ್ತ ಕೂತೆ.

ಕೊನೆಗೆ ಮಾಲೀಕರ ಹತ್ತಿರ ಹೋಗಿ ನನ್ನದೇ ಒಂದು ಮಾತು ಇಟ್ಟೆ. ವಾರಕ್ಕೆ ಮೂರು ದಿನ ಫ್ಯಾಕ್ಟರಿಗೆ ಬರುತ್ತೇನೆ, ತಿಂಗಳಿಗೆ 18,000, ಹತ್ತನೇ ತಾರೀಕಿನೊಳಗೆ ಕೊಡಬೇಕು. ಉಳಿದ ದಿನ ನನ್ನವು. ಅವರು ಸ್ವಲ್ಪ ಹೊತ್ತು ಪೆನ್ನು ತಿರುವಿದರು. "ಹಂಗಾದ್ರ ಪಿಎಫ್ ಇಲ್ಲ ನೋಡ್ರಿ" ಅಂದರು. ಗೊತ್ತಿದ್ದದ್ದೇ. ಹೂಂ ಅಂದೆ. ತಾರೀಕು ಮಾತ್ರ ಕಾಗದದ ಮೇಲೆ ಬರೆಸಿಕೊಂಡೆ.

ಬರುವ ಸೋಮವಾರದಿಂದ ಹೋಗಬೇಕು. ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಹೇಳಿದೆ. ಅವ್ವ ಇನ್ನೊಂದು ರೊಟ್ಟಿ ಹಾಕಿದಳು. ಅಪ್ಪ ನೀರು ಕುಡಿದು, ಲೋಟ ಕೆಳಗಿಟ್ಟು ಕೇಳಿದರು: "ಆ ಮೂರು ದಿವಸಕ್ಕರೆ ರಜಾ ಅದಾವೇನು?"