ಹಾಜರಿ ಪುಸ್ತಕಕ್ಕಿಂತ ಮೊದಲು ನೋಟ್‌ಬುಕ್ ನೋಡಬೇಕಿತ್ತು

ಮಲ್ಪೆ ಹತ್ತಿರದ ಸರಕಾರಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ನಮ್ಮಲ್ಲಿ ಮಕ್ಕಳು ಶಾಲೆ ಬಿಡುವುದು ಹೆಚ್ಚಾಗಿ ಆಗಸ್ಟಿನಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆ 61 ದಿನ ದುಡಿಮೆಯಿಲ್ಲದೆ ಮನೆಗಳಲ್ಲಿ ಸಾಲ ಏರಿರುತ್ತದೆ. ಬೋಟು ಹೊರಟ ಕೂಡಲೇ ದಕ್ಕೆಯಲ್ಲಿ, ಅಂದರೆ ಬೋಟು ನಿಲ್ಲುವ ಕಟ್ಟೆಯಲ್ಲಿ, ಐಸ್ ಹೊರಲು, ಮೀನು ವಿಂಗಡಿಸಲು ಜನ ಬೇಕು.

ಒಂಬತ್ತನೇ ತರಗತಿಯ ಹುಡುಗನೊಬ್ಬ ಹಾಗೇ ಹೋದ. ಎರಡು ವಾರ ಬಿಟ್ಟು ಮನೆಗೆ ಹೋದೆ, ಬಡತನವೇ ಕಾರಣ ಎಂದು ತೀರ್ಮಾನಿಸಿಕೊಂಡೇ. ಮೀನು ಮಾರಿ ಆಗಷ್ಟೇ ಬಂದಿದ್ದ ಅಮ್ಮ ಹೇಳಿದ್ದು ಬೇರೆ: "ದುಡ್ಡಿಗೆ ನಾವು ಕಳಿಸಿದ್ದಲ್ಲ ಸರ್. ಕ್ಲಾಸಲ್ಲಿ ಕೂತರೆ ಅವನಿಗೆ ಏನೂ ಗೊತ್ತಾಗುವುದಿಲ್ಲವಂತೆ."

ಗಣಿತದ ನೋಟ್‌ಬುಕ್ ತರಿಸಿ ನೋಡಿದೆ. ಅಕ್ಷರ ಮುತ್ತಿನ ಹಾಗೆ. ಬಹುಪದೋಕ್ತಿಯ ಲೆಕ್ಕಗಳನ್ನೆಲ್ಲ ಬೋರ್ಡಿನಿಂದ ಇಳಿಸಿಕೊಂಡಿದ್ದ. ಮನೆಗೆ ಕೊಟ್ಟ ಲೆಕ್ಕಗಳಲ್ಲಿ ಮಾತ್ರ ಪ್ರಶ್ನೆ ಬರೆದು ಕೆಳಗೆ ನಾಲ್ಕು ಗೆರೆ ಖಾಲಿ. ಪುಟ ತಿರುಗಿಸಿದರೆ ಮತ್ತೆ ನಾಲ್ಕು ಗೆರೆ ಖಾಲಿ. ಹಿಂಬದಿಯ ಹಾಳೆಯಲ್ಲಿ 432ನ್ನು 6ರಿಂದ ಭಾಗಿಸಲು ಹೋಗಿ ಮೂರು ಸಲ ಗೀಚಿ ಹಾಕಿದ್ದ. ಎಲ್ಲ ಪುಟಗಳಲ್ಲೂ ನನ್ನ ಕೆಂಪು ಸಹಿ ಇತ್ತು.

ಅವನು ಆರು, ಏಳರಲ್ಲಿ ಓದಿದ ಶಾಲೆಯಲ್ಲಿ ಗಣಿತ ಶಿಕ್ಷಕರ ಹುದ್ದೆ ಖಾಲಿ ಇತ್ತು. ಅದೇ ಬೆಂಚಿನಲ್ಲಿ ಕೂತಿದ್ದ ಇನ್ನೊಬ್ಬನ ಅಪ್ಪ ಗಲ್ಫಿನಲ್ಲಿ. ಅವನನ್ನು ಆ ಎರಡು ವರ್ಷವೂ ಟ್ಯೂಷನ್‌ಗೆ ಹಾಕಿದರು. ಈಗ ಪಿಯುಸಿ ಓದುತ್ತಿದ್ದಾನೆ. ಪುಸ್ತಕ, ಬಿಸಿಯೂಟ ಉಚಿತ ಎಂದು ನಾವು ಪೋಷಕರಿಗೆ ಹೇಳುತ್ತಲೇ ಇರುತ್ತೇವೆ. ಶಾಲೆಯಲ್ಲಿ ಸಿಗದೆ ಹೋದ ಪಾಠವನ್ನು ದುಡ್ಡು ಕೊಟ್ಟೇ ತರಬೇಕು, ಅದು ಎಲ್ಲ ಮನೆಗೂ ಆಗುವ ಮಾತಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ ರಕ್ಷಣೆ 6ರಿಂದ 14 ವರ್ಷದವರಿಗೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲೂ 14 ದಾಟಿದವರಿಗೆ ನಿಷೇಧ ಇರುವುದು ಅಪಾಯಕಾರಿ ಕೆಲಸಗಳಿಗೆ ಮಾತ್ರ. ಮಗು ಅತಿ ಹೆಚ್ಚು ಜಾರುವ ಒಂಬತ್ತನೇ ತರಗತಿಯಲ್ಲೇ ಹಿಡಿತ ಸಡಿಲವಾಗುವುದು ನನಗೆ ತುಂಬ ನೋವಿನ ಸಂಗತಿ.

ಈಗ ಜೂನ್ ಮೊದಲ ವಾರ ನಾನು ಪಾಠ ಶುರುಮಾಡುವುದಿಲ್ಲ. ಎಲ್ಲರಿಗೂ ಒಂದು ಭಾಗಾಕಾರ, ಒಂದು ಭಿನ್ನರಾಶಿ ಕೊಡುತ್ತೇನೆ. ಬಾರದವರನ್ನು ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಕೂರಿಸಿಕೊಳ್ಳುತ್ತೇನೆ; ಸಂಜೆ ಇಟ್ಟರೆ ಹೆಣ್ಣುಮಕ್ಕಳಿಗೆ ಬಸ್ಸು ತಪ್ಪುತ್ತದೆ. ಜುಲೈ ಮುಗಿಯುವುದರೊಳಗೆ ಭಾಗಾಕಾರ ಬರಬೇಕು. ಕಳೆದ ವರ್ಷ ಹಾಗೆ ಕೂತವರಲ್ಲಿ ಒಬ್ಬ ಮಾತ್ರ ಶಾಲೆ ಬಿಟ್ಟು ಹೋದ, ಅವನ ಅಪ್ಪ ಹಾಸಿಗೆ ಹಿಡಿದಿದ್ದರು. ಉಳಿದವರು ಆಗಸ್ಟಿನಲ್ಲೂ ಬೆಂಚಿನಲ್ಲಿದ್ದರು.