ಡಾಸ್‌ಬಾಕ್ಸ್ ಟ್ಯೂನ್ ಮಾಡೋದು ಕಿವಿಯಿಂದ

ಹಳೇ ಡಾಸ್ ಗೇಮ್ ಆಡೋಕೆ ಕೂತವರಲ್ಲಿ ತುಂಬಾ ಜನ ಮೊದಲು ಮಾಡುವ ಕೆಲಸ ಒಂದೇ. ಡಾಸ್‌ಬಾಕ್ಸ್, ಅಂದರೆ ಹಳೇ ಡಾಸ್ ಕಂಪ್ಯೂಟರನ್ನು ಈಗಿನ ಮಷೀನಿನಲ್ಲಿ ಅನುಕರಿಸುವ ಎಮ್ಯುಲೇಟರ್‌ನಲ್ಲಿ, ವೇಗ ನಿರ್ಧರಿಸುವ ಸೈಕಲ್ಸ್ ಅನ್ನು ಮ್ಯಾಕ್ಸ್‌ಗೆ ಏರಿಸಿಬಿಡುತ್ತಾರೆ. ಈಗಿನ ಪ್ರೊಸೆಸರ್‌ಗೆ 1990ರ ಗೇಮ್ ಯಾವ ಲೆಕ್ಕ, ಪೂರ್ತಿ ಶಕ್ತಿ ಕೊಟ್ಟರೆ ಸಲೀಸಾಗಿ ಓಡಬೇಕಲ್ವಾ? ಓಡುತ್ತದೆ. ಆದರೆ ಎಷ್ಟೋ ಸಲ ನಮ್ಮನ್ನು ಬಿಟ್ಟು ಓಡುತ್ತದೆ.

ಸೈಕಲ್ಸ್ ಅಂದರೆ ಡಾಸ್‌ಬಾಕ್ಸ್ ಒಂದು ಮಿಲಿಸೆಕೆಂಡಿಗೆ ಎಷ್ಟು ಸೂಚನೆಗಳನ್ನು ನಡೆಸಬೇಕು ಅನ್ನುವ ಲೆಕ್ಕ, ಸುಮಾರಾಗಿ. 3000 ಅಂತ ಇಟ್ಟರೆ ಸೆಕೆಂಡಿಗೆ ಮೂವತ್ತು ಲಕ್ಷ. 0.74 ಆವೃತ್ತಿಯಲ್ಲಿ 'ಆಟೋ' ಇಟ್ಟಿದ್ದರೆ ಸಾಮಾನ್ಯ ಗೇಮ್‌ಗಳು 3000ದಲ್ಲೇ ಓಡುತ್ತವೆ. ಹೆಚ್ಚು ಮೆಮೊರಿ ಬಳಸೋಕೆ ಪ್ರೊಸೆಸರ್‌ನ ಪ್ರೊಟೆಕ್ಟೆಡ್ ಮೋಡ್‌ಗೆ ಹೋಗುವ ಡೂಮ್ ತರದ ಗೇಮ್ ಶುರುವಾದರೆ ಸೈಕಲ್ಸ್ ತಾನೇ ಮ್ಯಾಕ್ಸ್‌ಗೆ ಹೋಗುತ್ತದೆ. ಅರ್ಧಕ್ಕರ್ಧ ಗೇಮ್‌ಗಳಿಗೆ ಇಷ್ಟು ಸಾಕು. ತಲೆನೋವು ಉಳಿದರ್ಧದ್ದು.

ಆಗ ನಾನು ನೋಡೋದು ಚಿತ್ರವನ್ನಲ್ಲ, ಕೇಳೋದು ಸೌಂಡನ್ನು. ಚಿತ್ರ ತಡವರಿಸುತ್ತಿದೆ, ಆದರೆ ಸಂಗೀತ ತನ್ನ ಪಾಡಿಗೆ ಶುದ್ಧವಾಗಿ ಬರುತ್ತಿದೆ ಅಂದರೆ ಬಹುಪಾಲು ಸೈಕಲ್ಸ್ ಕಡಿಮೆ, ಏರಿಸಬೇಕು. ಸಂಗೀತವೇ ಚಟಚಟ ಅನ್ನುತ್ತಿದೆ, ಮಧ್ಯೆ ಮಧ್ಯೆ ಕಡಿದು ಹೋಗುತ್ತಿದೆ ಅಂದರೆ ಸೈಕಲ್ಸ್ ಜಾಸ್ತಿ. ನಿಮ್ಮ ನಿಜವಾದ ಪ್ರೊಸೆಸರ್ ಒಂದು ಮಿಲಿಸೆಕೆಂಡಿನ ಕೆಲಸವನ್ನು ಒಂದು ಮಿಲಿಸೆಕೆಂಡಿನಲ್ಲಿ ಮುಗಿಸುತ್ತಿಲ್ಲ, ಮುಂದೆ ನುಡಿಸಲು ಕೂಡಿಟ್ಟ ಸದ್ದು (ಸೌಂಡ್ ಬಫರ್) ಖಾಲಿಯಾಗುತ್ತಿದೆ. ಚಿತ್ರದಲ್ಲಿ ಒಂದು ಫ್ರೇಮ್ ತಪ್ಪಿದರೆ ಕಣ್ಣು ಹೇಗೋ ಹೊಂದಿಸಿಕೊಳ್ಳುತ್ತದೆ. ಕಿವಿ ಹಾಗಲ್ಲ, ಒಂದು ಸಣ್ಣ ಬಿರುಕನ್ನೂ ಬಿಡುವುದಿಲ್ಲ.

ಗೇಮ್ ನಡೆಯುವಾಗಲೇ ಕಂಟ್ರೋಲ್ ಒತ್ತಿ ಎಫ್12 ಒತ್ತಿದರೆ ಸೈಕಲ್ಸ್ ಏರುತ್ತದೆ, ಎಫ್11 ಒತ್ತಿದರೆ ಇಳಿಯುತ್ತದೆ. ಒಂದು ತಮಾಷೆ ಇದೆ. 0.74ರಲ್ಲಿ ಏರುವುದು ಶೇಕಡಾ 10, ಇಳಿಯುವುದು ಶೇಕಡಾ 20. 3000ದಿಂದ ಒಂದು ಸಲ ಮೇಲೆ ಹೋಗಿ ಒಂದು ಸಲ ಕೆಳಗೆ ಬಂದರೆ 3000ಕ್ಕೆ ಬರೋದಿಲ್ಲ, 2640ಕ್ಕೆ ಬರುತ್ತದೆ. ಹಾಗಾಗಿ ಎಷ್ಟು ಸಲ ಒತ್ತಿದೆ ಅಂತ ಎಣಿಸೋದು ದಂಡ. ಕಿಟಕಿಯ ಮೇಲಿನ ಪಟ್ಟಿಯಲ್ಲಿ ಸಂಖ್ಯೆ ಕಾಣುತ್ತದೆ, ಸರಿ ಅನ್ನಿಸಿದ ಕಡೆ ಅದನ್ನು ಬರೆದುಕೊಂಡು ಆ ಗೇಮ್‌ಗೆ ಅಂತಲೇ ಬೇರೆ ಕಾನ್ಫ್ ಫೈಲ್ (ಸೆಟ್ಟಿಂಗ್ಸ್ ಬರೆದಿಡುವ ಫೈಲ್) ಮಾಡಿ ಹಾಕಿ. ಎಲ್ಲ ಗೇಮ್‌ಗೂ ಒಂದೇ ಕಾನ್ಫ್ ಇಟ್ಟುಕೊಳ್ಳುವವರ ತಾಳ್ಮೆ ನನಗಿಲ್ಲ.

ಡೂಮ್‌ಗೆ ನಾನು ಮ್ಯಾಕ್ಸ್ ಇಡೋದಿಲ್ಲ, ಫಿಕ್ಸೆಡ್ 25000 ಇಡುತ್ತೇನೆ. ಸುಮಾರಾಗಿ ಆ ಕಾಲದ ಒಂದು 486 ಡಿಎಕ್ಸ್2 ಪ್ರೊಸೆಸರ್ ಮಷೀನಿನ ಮಟ್ಟ. ಡೂಮ್ ಹೇಗೂ ಸೆಕೆಂಡಿಗೆ 35 ಫ್ರೇಮ್ ದಾಟುವುದಿಲ್ಲ. ಮ್ಯಾಕ್ಸ್ ಕೊಟ್ಟರೆ ಹೆಚ್ಚಾಗೋದು ಲ್ಯಾಪ್‌ಟಾಪ್ ಫ್ಯಾನಿನ ಸದ್ದು ಮಾತ್ರ. ಫಿಕ್ಸೆಡ್‌ನಲ್ಲಿ ಇನ್ನೊಂದು ಲಾಭ, ಚಾರ್ಜರ್ ತೆಗೆದು ಪ್ರೊಸೆಸರ್ ತನ್ನ ವೇಗ ಇಳಿಸಿಕೊಂಡರೂ ಆಟ ಅಲ್ಲಾಡುವುದಿಲ್ಲ.

ಸೌಂಡೇ ಬರದಿದ್ದರೆ ಅದು ಬೇರೆ ಕಥೆ. ಗೇಮಿನ ಸೆಟಪ್‌ನಲ್ಲಿ ಸೌಂಡ್ ಬ್ಲಾಸ್ಟರ್ (ಆ ಕಾಲದ ಸೌಂಡ್ ಕಾರ್ಡ್) ಆರಿಸಿ ಅಡ್ರೆಸ್ 220, ಐಆರ್‌ಕ್ಯೂ 7, ಡಿಎಂಎ 1 ಕೊಡಿ. ಡಾಸ್‌ಬಾಕ್ಸ್ ಆ ಕಾರ್ಡನ್ನು ತೋರಿಸೋದು ಇದೇ ಸಂಖ್ಯೆಗಳಲ್ಲಿ. ಬಹಳ ಗೇಮ್‌ಗಳು ಐಆರ್‌ಕ್ಯೂ 5 ಅಂತ ತಾವೇ ಊಹಿಸಿಕೊಂಡು ಸುಮ್ನೆ ಕೂತುಬಿಡುತ್ತವೆ. ಸೈಕಲ್ಸ್ ಸರಿ ಇದ್ದೂ ಚಟಚಟ ಬರುತ್ತಿದ್ದರೆ ಕಾನ್ಫ್ ಫೈಲಿನ ಮಿಕ್ಸರ್ ಭಾಗದ ಬ್ಲಾಕ್‌ಸೈಜ್ (ಒಂದು ಸಲಕ್ಕೆ ತಯಾರಿಸುವ ಸದ್ದಿನ ತುಂಡಿನ ಅಳತೆ) ಅನ್ನು 1024ರಿಂದ 2048 ಮಾಡಬಹುದು. ಆದರೆ ಸೆಕೆಂಡಿಗೆ 44100 ಸ್ಯಾಂಪಲ್ ದರದಲ್ಲಿ 2048 ಅಂದರೆ ಸುಮಾರು 46 ಮಿಲಿಸೆಕೆಂಡ್. ಗುಂಡು ಹಾರಿದ ಮೇಲೆ ಸದ್ದು ಬರುವುದು ನನಗಂತೂ ಗೊತ್ತಾಗುತ್ತದೆ. ಹಾಗಾಗಿ ಅದು ಕೊನೇ ಉಪಾಯ.

ಚಿತ್ರದ ವಿಷಯದಲ್ಲಿ ಒಂದು ಮಾತ್ರ ಬಿಡಬೇಡಿ, ಕಾನ್ಫ್ ಫೈಲಿನಲ್ಲಿ ಆಸ್ಪೆಕ್ಟ್ (ಚಿತ್ರದ ಅಗಲ-ಎತ್ತರದ ಅನುಪಾತ) ಅನ್ನು ಟ್ರೂ ಮಾಡಿ. ಆ ಕಾಲದ 320x200 ಚಿತ್ರ 4:3 ಪರದೆ ತುಂಬುತ್ತಿತ್ತು, ಪಿಕ್ಸೆಲ್‌ಗಳು ಸ್ವಲ್ಪ ಉದ್ದವಾಗಿರುತ್ತಿದ್ದವು. ಸರಿಪಡಿಸದಿದ್ದರೆ ಎಲ್ಲರೂ ಕುಳ್ಳಗೆ ದಪ್ಪಗೆ ಕಾಣುತ್ತಾರೆ. ಪೂರ್ಣಾಂಕದಲ್ಲೇ ಹಿಗ್ಗಿಸಬೇಕು ಅಂದರೆ ಅಡ್ಡಕ್ಕೆ 5 ಪಟ್ಟು, ಉದ್ದಕ್ಕೆ 6 ಪಟ್ಟು, ಅಂದರೆ 1600x1200 ಬೇಕು. 1080 ಎತ್ತರದ ಮಾನಿಟರ್‌ನಲ್ಲಿ ಅದು ಹಿಡಿಸುವುದಿಲ್ಲ. ನಾನು ಡಾಸ್‌ಬಾಕ್ಸ್‌ನದೇ ಇನ್ನೊಂದು ರೂಪವಾದ ಡಾಸ್‌ಬಾಕ್ಸ್ ಸ್ಟೇಜಿಂಗ್ ಬಳಸಿ ಉದ್ದಕ್ಕೆ ಮಾತ್ರ ಪೂರ್ಣಾಂಕ ಇಟ್ಟುಕೊಂಡಿದ್ದೇನೆ, 5 ಪಟ್ಟು, 1000 ಸಾಲು. ಮೇಲೆ ಕೆಳಗೆ ಕಪ್ಪು ಪಟ್ಟಿ ಇರಲಿ ಬಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಪಕ್ಕಕ್ಕೆ ಸರಿಯುವ ಗೇಮ್‌ಗಳಲ್ಲಿ ಸಣ್ಣ ನಡುಕ ಉಳಿಯಬಹುದು. ಅದು ಸೈಕಲ್ಸ್ ತಪ್ಪಲ್ಲ, ದಯವಿಟ್ಟು ಅದನ್ನು ಮುಟ್ಟಬೇಡಿ. ವಿಜಿಎ ಅನ್ನೋ ಅಂದಿನ ಗ್ರಾಫಿಕ್ಸ್ ಪದ್ಧತಿಯ ಆ 320x200 ಮೋಡ್ ಓಡುವುದು 70 ಹರ್ಟ್ಜ್‌ನಲ್ಲಿ, ನಿಮ್ಮ ಮಾನಿಟರ್ 60. ಪ್ರತಿ ಏಳು ಫ್ರೇಮಿಗೆ ಒಂದು ಎಲ್ಲೋ ಬಿದ್ದುಹೋಗುತ್ತದೆ. ಮಾನಿಟರ್ 70ಕ್ಕೆ ಒಪ್ಪಿದರೆ, ಅಥವಾ ತನ್ನ ರಿಫ್ರೆಶ್ ದರವನ್ನು ತಾನೇ ಬದಲಿಸಿಕೊಳ್ಳುವಂಥದ್ದಾದರೆ ನಡುಕ ಹೋಗುತ್ತದೆ.

ಇನ್ನು ವಿಂಗ್ ಕಮಾಂಡರ್. 1990ರ ಗೇಮ್. ಪ್ರೊಸೆಸರ್ ಎಷ್ಟು ಬೇಗ ಚಿತ್ರ ಬಿಡಿಸುತ್ತದೋ ಆಕಾಶದ ಜಗಳ ಅಷ್ಟೇ ಬೇಗ ನಡೆಯುತ್ತದೆ. ಮ್ಯಾಕ್ಸ್ ಇಟ್ಟರೆ ಶತ್ರು ನೌಕೆ ಕಣ್ಣಿಗೆ ಬೀಳುವ ಮೊದಲೇ ಹಿಂದೆ ಹೋಗಿರುತ್ತದೆ. 3000 ಸುತ್ತಮುತ್ತ ನನಗೆ ಸರಿ ಅನ್ನಿಸಿದೆ. ಆದರೆ ಖಾಲಿ ಆಕಾಶಕ್ಕೆ ಸರಿಯಾದದ್ದು ನಾಲ್ಕೈದು ನೌಕೆ ಒಟ್ಟಿಗೆ ಬಂದಾಗ ಕಮ್ಮಿ ಬೀಳುತ್ತದೆ. ಅಂದಿನ ನಿಜವಾದ ಮಷೀನಿನಲ್ಲೂ ಇದೇ ಹಾಡು, ಎಮ್ಯುಲೇಟರ್ ಮೇಲೆ ಹಾಕಿ ಪ್ರಯೋಜನವಿಲ್ಲ. ನೌಕೆಗಳ ಗುಂಪು ಬರುವಾಗ ಎಡಗೈ ಕಂಟ್ರೋಲ್ ಮೇಲೆ, ಬಲಗೈ ಎಫ್12 ಮೇಲೆ ಇಟ್ಟುಕೊಂಡೇ ಆಡುತ್ತೇನೆ. ಜಾಯ್‌ಸ್ಟಿಕ್ ಹಿಡಿಯೋಕೆ ಮೂರನೇ ಕೈ ಬೇಕಾಗುತ್ತದೆ, ಅದಕ್ಕೆ ಯಾವ ಕಾನ್ಫ್ ಫೈಲಿನಲ್ಲೂ ಸಾಲಿಲ್ಲ.