ಕತ್ಸುನುಮಾದ ಚಪ್ಪರದಡಿ: ಕಾರು ಬೇಡ, ಆತುರವೂ ಬೇಡ

ಜಪಾನಿನ ವೈನ್ ಊರು ಕತ್ಸುನುಮಾಕ್ಕೆ ಹೊರಟವನ ಮೊದಲ ತಪ್ಪು ಟೋಕಿಯೋದ ಶಿಂಜುಕು ನಿಲ್ದಾಣದಲ್ಲೇ ಆಯಿತು. ಎದುರಿಗೆ ಬಂದ 'ಅಜುಸಾ' ಎಕ್ಸ್‌ಪ್ರೆಸ್ ಹತ್ತಿ ಕೂತೆ. ಇಳಿಯಬೇಕಿದ್ದ ಊರು ಕಿಟಕಿಯಾಚೆ ಸರಕ್ಕನೆ ಹಿಂದೆ ಸರಿಯಿತು, ಇಳಿದದ್ದು ಕೋಫುವಿನಲ್ಲಿ. ಅಲ್ಲಿಂದ ಲೋಕಲ್ ಹಿಡಿದು ವಾಪಸ್. ನೀವು ಹೋಗುವಾಗ 'ಕತ್ಸುನುಮಾ-ಬುದೋಕ್ಯೋ'ದಲ್ಲಿ ನಿಲ್ಲುವ ರೈಲೇ ಎಂದು ನೋಡಿ ಹತ್ತಿ. ಬುದೋಕ್ಯೋ ಎಂದರೆ ದ್ರಾಕ್ಷಿಯ ನಾಡು. ಸರಿಯಾಗಿ ಹೋದರೆ ಸುಮಾರು ಒಂದೂವರೆ ಗಂಟೆ.

ನಿಲ್ದಾಣದಿಂದ ಹೊರಬಂದರೆ ಕೆಳಗೆ ಯಮನಾಶಿ ಪ್ರಾಂತ್ಯದ ಕಣಿವೆ, ಇಳಿಜಾರಿನ ತುಂಬ ಚಪ್ಪರ. ನಮ್ಮ ವಿಜಯಪುರದ ತೋಟಗಳನ್ನು ಕಂಡವರಿಗೆ ಈ ನೋಟ ಹೊಸದಲ್ಲ. ಇಲ್ಲಿಯೂ ಬಳ್ಳಿ ತಲೆಯ ಮೇಲೆ ಹರಡಿಕೊಂಡಿರುತ್ತದೆ. ಬೇಸಿಗೆಯಲ್ಲಿ ಮಳೆ, ಸೆಪ್ಟೆಂಬರಿನಲ್ಲಿ ಚಂಡಮಾರುತ. ಗೊಂಚಲನ್ನು ಒದ್ದೆ ನೆಲದಿಂದ ಮೇಲಿಟ್ಟು ಗಾಳಿಯಾಡಲು ಬಿಡದಿದ್ದರೆ ಬೂಷ್ಟು ಹಿಡಿಯುತ್ತದೆ. ಕೆಲವು ತೋಟಗಳಲ್ಲಿ ಒಂದೊಂದು ಗೊಂಚಲಿಗೂ ಕಾಗದದ ಟೋಪಿ! ಅಷ್ಟನ್ನೂ ಹಾಕುವುದು ಕೈಯಿಂದಲೇ.

ಇಲ್ಲಿನ ಬಿಳಿ ವೈನ್ ಆಗುವ ಹಣ್ಣಿನ ಹೆಸರು ಕೋಶು. ನೋಡಲು ಬಿಳಿಯೂ ಅಲ್ಲ, ಹಸಿರೂ ಅಲ್ಲ, ಮಾಸಿದ ಗುಲಾಬಿ. ಸಿಪ್ಪೆ ದಪ್ಪ, ತಿಂದರೆ ಕೊನೆಯಲ್ಲಿ ಸಣ್ಣ ಒಗರು. ವಂಶವಾಹಿ ಪರೀಕ್ಷೆ ಹೇಳುವಂತೆ ಯುರೋಪಿನ ದ್ರಾಕ್ಷಿಯ ಕುಲ, ನಡುವೆ ಚೀನಾದ ಕಾಡುದ್ರಾಕ್ಷಿಯ ಬೆರಕೆ. ಒಗರು ಇಳಿಯಬಾರದೆಂದು ರಸವನ್ನು ಮೆಲ್ಲಗೆ ಹಿಂಡುತ್ತಾರೆ. ಆಗ ವೈನ್ ತೆಳ್ಳಗಾಗಿಬಿಡುತ್ತದೆ. ಅದಕ್ಕೆ ಮೈ ತುಂಬಲು 1980ರ ದಶಕದಲ್ಲಿ ಫ್ರಾನ್ಸಿನ 'ಸುರ್ ಲೀ' ವಿಧಾನ ತಂದರು: ಹುದುಗು ಮುಗಿದ ಮೇಲೂ ತಳದಲ್ಲಿ ಕೂತ ಸತ್ತ ಈಸ್ಟಿನ ಮಡ್ಡಿಯ ಮೇಲೆಯೇ ವೈನನ್ನು ತಿಂಗಳುಗಟ್ಟಲೆ ಬಿಡುವುದು. ಇದನ್ನು ಮೊದಲು ಕಲಿತ ಮೆರ್ಸಿಯನ್ ಕಂಪನಿ ಗುಟ್ಟು ಮಾಡದೆ ಸುತ್ತಲಿನ ಚಿಕ್ಕ ವೈನರಿಗಳಿಗೂ ಹೇಳಿಕೊಟ್ಟಿತು. ನನಗೆ ಇಡೀ ಊರಿನಲ್ಲಿ ಬಹಳ ಹಿಡಿಸಿದ ಸಂಗತಿ ಇದೇ.

ರುಚಿ ನೋಡುವಾಗ ದೊಡ್ಡ ಘಮ ಹುಡುಕಬೇಡಿ. ಮೊದಲ ಗುಟುಕಿಗೆ 'ಇದೇನು, ನೀರು?' ಅನ್ನಿಸಿತು. ಮೂರನೆಯದಕ್ಕೆ ನಿಂಬೆಸಿಪ್ಪೆ, ಸ್ವಲ್ಪ ಉಪ್ಪಿನ ನೆನಪು. ಗುಡ್ಡದ ಮೇಲಿನ 'ಬುದೋ ನೋ ಓಕಾ' ಎಂಬ ವೈನ್ ಕೇಂದ್ರದ ನೆಲಮಾಳಿಗೆಯಲ್ಲಿ ಹಣ ಕೊಟ್ಟರೆ ಅಗಲ ಬಾಯಿಯ ಲೋಹದ ಬಟ್ಟಲು ಸಿಗುತ್ತದೆ, ಸಾಲು ಬಾಟಲಿಗಳಿಂದ ಬೇಕಾದ್ದನ್ನು ಬಗ್ಗಿಸಿಕೊಳ್ಳಬಹುದು. ಕೊಟ್ಟ ಹಣ ವಸೂಲಿ ಮಾಡಲು ಹೋದರೆ ಹತ್ತು ಬಗೆಯ ನಂತರ ನಾಲಿಗೆ ಸತ್ತುಹೋಗುತ್ತದೆ. ಉಗುಳುವುದಕ್ಕೆ ಸಂಕೋಚ ಬೇಡ.

ಕಾರು, ಸೈಕಲ್ ಎರಡೂ ಬೇಡ. ಕುಡಿದು ಓಡಿಸಿದವರಿಗಷ್ಟೇ ಅಲ್ಲ, ಗೊತ್ತಿದ್ದೂ ಪಕ್ಕದಲ್ಲಿ ಕೂತವರಿಗೂ ಜಪಾನಿನಲ್ಲಿ ಶಿಕ್ಷೆಯಿದೆ. ನಡೆಯಿರಿ, ಇಲ್ಲವೇ ಟ್ಯಾಕ್ಸಿ. ಚಿಕ್ಕ ವೈನರಿಗಳಿಗೆ ಮೊದಲೇ ತಿಳಿಸಿ ಹೋಗುವುದು ಒಳ್ಳೆಯದು. ಕೊಯ್ಲಿನ ಅಕ್ಟೋಬರಿನಲ್ಲಿ ಮನೆಮಂದಿಯೆಲ್ಲ ತೋಟದಲ್ಲಿರುತ್ತಾರೆ.

ಮಧ್ಯಾಹ್ನ ದೈಜೆನ್‌ಜಿ ದೇವಾಲಯಕ್ಕೆ ಹೋಗಿ. 718ರಲ್ಲಿ ಗ್ಯೋಕಿ ಎಂಬ ಭಿಕ್ಷುವಿಗೆ ದ್ರಾಕ್ಷಿ ಹಿಡಿದ ಔಷಧಬುದ್ಧ ಕಾಣಿಸಿದನೆಂದು ಐತಿಹ್ಯ. ಮೂಲ ಮೂರ್ತಿಯ ದರ್ಶನ ದಿನವೂ ಸಿಗದು, ಆದರೆ 1286ರ ಮರದ ಮಂದಿರವೇ ಸಾಕು. ದೇವಾಲಯದ್ದೇ ವೈನ್ ಇದೆ ಎಂದು ಕೇಳಿ ನಾನು ಎರಡೆರಡು ಸಲ ಖಾತ್ರಿ ಮಾಡಿಕೊಂಡೆ. ಐತಿಹ್ಯ ಬಿಟ್ಟು ಇತಿಹಾಸಕ್ಕೆ ಬಂದರೆ, 1877ರಲ್ಲಿ ಈ ಊರು ತಾಕಾನೋ ಮಾಸಾನಾರಿ, ತ್ಸುಚಿಯಾ ರ್ಯೂಕೆನ್ ಎಂಬ ಇಬ್ಬರು ಯುವಕರನ್ನು ವೈನ್ ಕಲಿಯಲು ಫ್ರಾನ್ಸಿಗೆ ಕಳಿಸಿತು. ಇಲ್ಲಿನ ಕಸುಬಿನ ಬೇರು ಅಲ್ಲಿದೆ.

ಊಟಕ್ಕೆ ಹೋತೋ: ಅಗಲ ನೂಡಲ್ಸ್, ಕುಂಬಳಕಾಯಿ, ಮಿಸೋ (ಹುದುಗಿಸಿದ ಸೋಯಾ ಮುದ್ದೆ) ಬೆರೆಸಿದ ಸಾರು. ಸಸ್ಯಾಹಾರಿಗಳು ಗಮನಿಸಿ, ಸಾರಿನ ತಳದಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಕುಂಬಳಕಾಯಿ ನೋಡಿ ಮೋಸಹೋಗಬೇಡಿ. ಸ್ಥಳೀಯರು 1.8 ಲೀಟರಿನ ದೊಡ್ಡ ಬಾಟಲಿಯಿಂದ ವೈನನ್ನು ಚಹಾ ಬಟ್ಟಲಿಗೆ ಬಗ್ಗಿಸಿ ಕುಡಿಯುವುದೂ ಉಂಟು.

ಕೊಳ್ಳುವಾಗ ಲೇಬಲ್ಲಿನಲ್ಲಿ 'ನಿಹೋನ್ ವೈನ್' ಎಂದಿದೆಯೇ ನೋಡಿ. 2018ರ ನಿಯಮದಂತೆ ಜಪಾನಿನಲ್ಲೇ ಬೆಳೆದ ದ್ರಾಕ್ಷಿಯಿಂದ ಅಲ್ಲೇ ಮಾಡಿದ್ದಕ್ಕೆ ಮಾತ್ರ ಆ ಹೆಸರು. ಭಾರತಕ್ಕೆ ಸುಂಕವಿಲ್ಲದೆ ತರಬಹುದಾದ್ದು ಎರಡು ಲೀಟರ್, ಅಂದರೆ 750 ಮಿಲಿಯ ಎರಡು ಬಾಟಲಿ. ನಾನು ಕೊಂಡದ್ದು ಮೂರು. ಮೂರನೆಯದು ಹೊರಡುವ ಹಿಂದಿನ ರಾತ್ರಿ ಟೋಕಿಯೋ ಹೋಟೆಲ್ಲಿನಲ್ಲಿ, ಮನೆಯಿಂದ ತಂದಿದ್ದ ಕೋಡುಬಳೆಯ ಜೊತೆ ಮುಗಿಯಿತು.